ಗಂಟೆ ಎಣಿಸಿದವರು ಯಾರು?

ನಮ್ಮ ತಾತನಿಗೆ ಗಡಿಯಾರ ಇರಲಿಲ್ಲ. ಜೀತದಾಳಿಗೆ ಗಡಿಯಾರ ಯಾಕೆ? ಕೋಳಿ ಕೂಗೋ ಮುಂಚೆ ಗೌಡರ ಕೊಟ್ಟಿಗೆ ಸೇರಬೇಕು, ಎತ್ತು ಮಲಗಿದ ಮೇಲೆ ತಾನು ಮಲಗಬೇಕು, ಅಷ್ಟೆ. 1976ರಲ್ಲಿ ಜೀತ ಕಾನೂನಿನ ಪುಸ್ತಕದಲ್ಲಿ ಸತ್ತಿತು. ಆಮೇಲೆ ಅಪ್ಪ ಊರು ಬಿಟ್ಟು ಪೀಣ್ಯಕ್ಕೆ ಬಂದ. ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ, ಎಂಟರಿಂದ ಎಂಟು. ರಜೆ ಹಾಕಿದರೆ ಆವತ್ತಿನ ಕೂಲಿ ಹೋಯ್ತು. ನಾನು ಬಿ.ಎ. ಓದುವಾಗ ಕೇಳಿದ್ದೆ, ‘ವಾರಕ್ಕೆ ಎಷ್ಟು ಗಂಟೆ ಆಯ್ತದಪ್ಪ?’ ‘ಎಣಿಸಿದ್ರೆ ನಿದ್ದೆ ಬರಕ್ಕಿಲ್ಲ ಕಣ್ಲಾ’ ಅಂದ. ನಾನೇ ಎಣಿಸಿದೆ. 84.

ಈ ಎಣಿಕೆಗೂ ಒಂದು ಚರಿತ್ರೆ ಇದೆ. ನಮಗೆ ಕಲಿಸಿದ ಪಾಠಗಳಲ್ಲಿ ರಾಜರು ಆಳಿದ ವರ್ಷಗಳಿದ್ದವು, ಆಳುಗಳು ದುಡಿದ ಗಂಟೆಗಳಿರಲಿಲ್ಲ. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ತನ್ನ ಮೊಟ್ಟಮೊದಲ ಒಡಂಬಡಿಕೆ ಬರೆಯಿತು: ದಿನಕ್ಕೆ 8 ಗಂಟೆ, ವಾರಕ್ಕೆ 48. ಅದೇ ಒಡಂಬಡಿಕೆಯೊಳಗೆ ಬ್ರಿಟಿಷ್ ಇಂಡಿಯಾಕ್ಕೆ ಬೇರೆ ಪಂಕ್ತಿ ಹಾಕಿದರು, ವಾರಕ್ಕೆ 60. ಪಂಕ್ತಿಭೇದ ನಮ್ಮೂರಿನ ದೇವಸ್ಥಾನದಲ್ಲಿ ಮಾತ್ರ ಇತ್ತು ಅಂದುಕೊಂಡಿದ್ದೆ! 1922ರ ಕಾರ್ಖಾನೆ ಕಾಯ್ದೆ ಆ 60ನ್ನೇ ಬರೆದುಕೊಂಡಿತು. 1934ರದ್ದು 54ಕ್ಕೆ ಇಳಿಸಿತು. ವರ್ಷಪೂರ್ತಿ ನಡೆಯುವ ಕಾರ್ಖಾನೆಗಳಿಗೆ 48 ಬರಲು 1946ರ ತಿದ್ದುಪಡಿಯೇ ಬೇಕಾಯಿತು. ಆ ತಿದ್ದುಪಡಿ ತಂದವರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬ್ ಅಂಬೇಡ್ಕರ್. ‘ಬಾಬಾಸಾಹೇಬರು ಒಂದೇ ಏಟಿಗೆ 14 ಗಂಟೆಯನ್ನ 8 ಮಾಡಿದರು’ ಅಂತ ನಮ್ಮ ವೇದಿಕೆಗಳಲ್ಲಿ ಹೇಳುತ್ತೇವೆ. ಅದು ಸರಿಯಲ್ಲ. 54ರಿಂದ 48, ದಿನಕ್ಕೆ 10ರಿಂದ 9. ಆರು ಗಂಟೆ. ಅದೇನು ಸಣ್ಣದೆ? ಗೇಟಿನಲ್ಲಿ ನಿಂತವನನ್ನು ಕೇಳಿ ನೋಡಿ. ಮಾಲೀಕ ತನ್ನ ನಿಯಮಗಳನ್ನು ಬರೆದು ತೋರಿಸಲೇಬೇಕೆಂಬ ಸ್ಥಾಯೀ ಆದೇಶಗಳ ಕಾಯ್ದೆಯೂ ಅದೇ 1946ರದ್ದು.

1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಕಟ್ಟಿತು. ತೊಂಬತ್ತರ ದಶಕದಲ್ಲಿ ವೈಟ್‌ಫೀಲ್ಡಿನ ಗಾಜಿನ ಗೋಪುರಗಳೆದ್ದವು. ಅಲ್ಲಿಯ ಕಂಪನಿಗಳಿಗೆ ಸ್ಥಾಯೀ ಆದೇಶಗಳಿಂದ ಸರ್ಕಾರ ವಿನಾಯಿತಿ ಕೊಟ್ಟಿತು: 2014ರಲ್ಲಿ ಐದು ವರ್ಷ, 2019ರಲ್ಲಿ ಮತ್ತೆ ಐದು, 2024ರಲ್ಲಿ ಮತ್ತೈದು. 2025ರ ನವೆಂಬರಿನಲ್ಲಿ ಕೇಂದ್ರದ ಹೊಸ ಸಂಹಿತೆಗಳು ಜಾರಿಯಾಗಿ ಆ ಹಳೇ ಕಾಯ್ದೆಯನ್ನೇ ನುಂಗಿದವು.

ಬ್ಯಾಂಕಿನ ಗುಮಾಸ್ತರ ಕಥೆ ಬೇರೆ. ಅವರು ಸಂಘ ಕಟ್ಟಿ, ಮುಷ್ಕರ ಮಾಡಿ, ನ್ಯಾಯಮಂಡಳಿ ಹತ್ತಿ ದಿನಕ್ಕೆ ಆರೂವರೆ ಗಂಟೆ ಗಿಟ್ಟಿಸಿಕೊಂಡರು. ಒಳ್ಳೆಯದೇ ಆಯ್ತು. ಅದೇ ದುಡ್ಡಿನ ಲೆಕ್ಕ ಪರದೇಶದ ಬ್ಯಾಂಕಿನದಾದರೆ ವೈಟ್‌ಫೀಲ್ಡಿನಲ್ಲಿ ರಾತ್ರಿಯೆಲ್ಲ ನಡೆಯುತ್ತೆ. ಬೆಳಿಗ್ಗೆ ಆ ಮೇಜು ಒರೆಸುವ ಹೆಂಗಸು ಗುತ್ತಿಗೆದಾರನ ಪಟ್ಟಿಯಲ್ಲಿರುತ್ತಾಳೆ, ಬ್ಯಾಂಕಿನ ಹಾಜರಿಯಲ್ಲಿರೋದಿಲ್ಲ. ಹಣಕಾಸು ವಲಯದ ವಾರದ ಸರಾಸರಿ ದುಡಿಮೆ ಇಷ್ಟು ಗಂಟೆ ಅಂತ ಯಾರಾದರೂ ಹೇಳಿದರೆ, ಅದರಲ್ಲಿ ಅವಳ ಗಂಟೆ ಸೇರಿದೆಯಾ ಅಂತ ಕೇಳಿ.

ಆ 60 ಸತ್ತಿರಲಿಲ್ಲ. 2020ರ ಮೇ 22ರಂದು, ಕೊರೊನಾ ಹೆಸರಿನಲ್ಲಿ, ಕರ್ನಾಟಕ ಸರ್ಕಾರ ಕಾರ್ಖಾನೆಗಳಿಗೆ ದಿನಕ್ಕೆ 10, ವಾರಕ್ಕೆ 60 ಗಂಟೆ ಅಂತ ಅಧಿಸೂಚನೆ ಹೊರಡಿಸಿತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್ 11ಕ್ಕೆ ವಾಪಸ್ ಪಡೆಯಿತು. 2023ರಲ್ಲಿ ತಿದ್ದುಪಡಿ ಬಂತು: ವಾರದ ಮಿತಿ 48, ಆದರೆ ದಿನಕ್ಕೆ 12ರವರೆಗೂ ದುಡಿಸಬಹುದು. ಅದೇ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಹುಡುಗರು ವಾರಕ್ಕೆ 70 ಗಂಟೆ ದುಡೀಬೇಕು ಅಂದರು. 2024ರ ಜುಲೈನಲ್ಲಿ ಐಟಿಯವರನ್ನು ದಿನಕ್ಕೆ 12 ಗಂಟೆಗೂ ಮೀರಿ ದುಡಿಸಲು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ತಿದ್ದುವ ಪ್ರಸ್ತಾವ ಬಂತು. 2017ರಲ್ಲಿ ಹುಟ್ಟಿದ ಐಟಿ ನೌಕರರ ಸಂಘ ಬೀದಿಗಿಳಿಯಿತು, ಪ್ರಸ್ತಾವ ನಿಂತಿತು. 2025ರ ಜೂನಿನಲ್ಲಿ ಇನ್ನೊಂದು ರೂಪದಲ್ಲಿ ಬಂತು: ದಿನಕ್ಕೆ 10, ಓಟಿ ಸೇರಿ 12. ಸಂಘ ಮತ್ತೆ ಎದುರು ನಿಂತಿತು.

ಆ ಸುದ್ದಿಯನ್ನು ಅಪ್ಪನಿಗೆ ಓದಿ ಹೇಳಿದೆ. ‘ಅವರ್‍ಗೂ ಹನ್ನೆರಡಾ?’ ಅಂದ. ಆ ವಾರ ಅವನದು ರಾತ್ರಿ ಪಾಳಿ, ಏಳೂಕಾಲಾಗಿತ್ತು, ಬುತ್ತಿ ಕಟ್ಟಿಕೊಂಡು ಹೊರಟ.