ರೂಪಾಯಿಗೊಂದಾಣೆ: ಹಟ್ಟಿಯ ಗಣಿಯಾಳಿನ ವಂತಿಗೆ

ಹಟ್ಟಿಯ ಚಿನ್ನದ ಕಥೆ ಬಹು ಹಳೆಯದು. ಲಿಂಗಸುಗೂರು ತಾಲ್ಲೂಕಿನ ಈ ನೆಲದಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನರು ಬಂಡೆಗೆ ಬೆಂಕಿಯೊಡ್ಡಿ, ಕಾದ ಕಲ್ಲನ್ನು ಸೀಳಿ, ನೂರಾರು ಅಡಿ ಆಳಕ್ಕೆ ಇಳಿದಿದ್ದರೆಂಬುದಕ್ಕೆ ಪ್ರಾಚೀನ ಗಣಿಗುಂಡಿಗಳೇ ಸಾಕ್ಷಿ. ಹಾಗೆ ಇಳಿದವರಿಗೆ ಮುಪ್ಪಿನಲ್ಲಿ ಅನ್ನವಿಟ್ಟವರು ಯಾರು? ದೇವಾಲಯಕ್ಕೆ ಬಿಟ್ಟ ಭೂಮಿಯ ಮಾತು, ಕಾಳಗದಲ್ಲಿ ಮಡಿದವನ ಮನೆಗೆ ಕೊಟ್ಟ ಕೊಡಗೆಯ ಮಾತು ಶಾಸನಗಳಲ್ಲಿ ಬೇಕಾದಷ್ಟು ಉಂಟು. ಗಣಿಯಾಳಿನ ಮುಪ್ಪಿನ ಮಾತು ನಾನು ಓದಿದ ಯಾವ ಶಾಸನದಲ್ಲಿಯೂ ಸಿಕ್ಕಿಲ್ಲ.

ಆ ಮಾತು ಕಾಯಿದೆಯ ಭಾಷೆಯಲ್ಲಿ ಮೊದಲು ಮೂಡಿದ್ದು ನಮ್ಮ ಕಾಲಕ್ಕೆ ಸಮೀಪದಲ್ಲಿಯೇ. 1947ರ ಜುಲೈಯಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪೆನಿ ಸ್ಥಾಪಿತವಾಯಿತು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದೇ ಹಟ್ಟಿ ಚಿನ್ನದ ಗಣಿ ಕಂಪೆನಿಯೆಂದು ಹೆಸರಾಗಿ, ರಾಜ್ಯ ಸರಕಾರದ ಉದ್ಯಮವಾಯಿತು. ಈ ನಡುವೆ, 1952ರಲ್ಲಿ, ನೌಕರರ ಭವಿಷ್ಯನಿಧಿ ಕಾಯಿದೆ ಬಂದಿತ್ತು. ಮೊದಲು ಅದು ಸಿಮೆಂಟು, ಸಿಗರೇಟು, ಯಂತ್ರೋಪಕರಣ, ಕಬ್ಬಿಣ ಮತ್ತು ಉಕ್ಕು, ಕಾಗದ, ಬಟ್ಟೆ ಎಂಬ ಆರು ಉದ್ಯಮಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಚಿನ್ನದ ಗಣಿಗಳು ಅದರೊಳಗೆ ಬಂದದ್ದು 1957ರಲ್ಲಿ.

ದರವು ನೂರಕ್ಕೆ ಆರೂಕಾಲು. ಇದೇಕೆ ಇಂಥ ಮುರುಕು ಸಂಖ್ಯೆ ಎಂದು ಇಂದಿನ ಹುಡುಗರು ಕೇಳಬಹುದು. ರೂಪಾಯಿಗೆ ಹದಿನಾರಾಣೆಯಿದ್ದ ಕಾಲವನ್ನು ಬಲ್ಲವರಿಗೆ ಇದು ಒಗಟಲ್ಲ. ಕೂಲಿಯ ರೂಪಾಯಿಗೊಂದಾಣೆ ಕಾರ್ಮಿಕನದು, ಇನ್ನೊಂದಾಣೆ ಮಾಲಿಕನದು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದು ಆಣೆ ಹಿಂದೆ ಸರಿಯಿತು. ಗಣಿಗಳಿಗೆ ಕಾಯಿದೆ ತಗುಲಿದ ವರ್ಷವೂ ಅದೇ. ಆಣೆ ಹೋದರೂ ಆರೂಕಾಲು ನಿಂತಿತು. ಹೀಗೆ ಕೊಡುವ ಪಾಲಿಗೆ ಕನ್ನಡದಲ್ಲಿ 'ವಂತಿಗೆ' ಎಂಬ ಸೊಗಸಾದ ಮಾತಿದೆ. ವಂತು ಎಂದರೆ ಪಾಲು, ಸರದಿ. ಊರ ಜಾತ್ರೆಗೆ ಮನೆಗಿಷ್ಟೆಂದು ಎತ್ತುವುದೂ ವಂತಿಗೆಯೇ. ಕಚೇರಿಯವರು ಇದನ್ನು ಬಿಟ್ಟು 'ಕಡಿತ' ಎನ್ನುವುದು ನನಗೆ ಸರಿದೋರದು. ಕಡಿದದ್ದು ಹೋಯಿತು, ವಂತಿಗೆ ಕೊಟ್ಟದ್ದರಲ್ಲಿ ಹಕ್ಕು ಉಳಿಯಿತು.

ಈ ನಿಧಿಯಲ್ಲಿ ಒಂದು ದೊಡ್ಡ ಕೊರತೆಯಿತ್ತು. ಮೂವತ್ತು ವರ್ಷ ದುಡಿದವನ ಕೈಗೆ ದೊಡ್ಡ ಗಂಟು ಬರುವುದು ಸರಿ. ಸೇರಿದ ಮೂರನೆಯ ವರ್ಷವೇ ತೀರಿಕೊಂಡವನ ಹೆಂಡತಿಗೆ? ಮೂರು ವರ್ಷದ ಆಣೆಗಳು, ಅದರ ಬಡ್ಡಿ, ಅಷ್ಟೆ. ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ. ನೆಲದಡಿಯ ಕೆಲಸದಲ್ಲಿ ಇದು ಸಣ್ಣ ಮಾತಲ್ಲ. 1971ರ ಮಾರ್ಚಿಯಲ್ಲಿ ಬಂದ ಕುಟುಂಬ ಪಿಂಚಣಿ ಯೋಜನೆ ಈ ಗಾಯಕ್ಕೆ ಹಚ್ಚಿದ ಮದ್ದು. ಕಾರ್ಮಿಕನ ವಂತಿಗೆಯಿಂದಲೂ ಮಾಲಿಕನ ವಂತಿಗೆಯಿಂದಲೂ ಕೂಲಿಯ ನೂರಕ್ಕೆ ಒಂದೂ ಆರನೆಯ ಒಂದು ಪಾಲನ್ನು ಬೇರೆಗೆ ತೆಗೆದು, ಕೇಂದ್ರ ಸರಕಾರವೂ ಅಷ್ಟೇ ಸೇರಿಸಿ, ಸೇವೆಯಲ್ಲಿ ಮಡಿದವನ ಮನೆಗೆ ತಿಂಗಳು ತಿಂಗಳು ಹಣ ಕೊಡುವ ಏರ್ಪಾಡು ಅದು. ಬದುಕಿ ನಿವೃತ್ತನಾದವನಿಗೆ ಮಾತ್ರ ಮಾಸಿಕ ಪಿಂಚಣಿಯಿರಲಿಲ್ಲ.

ಅವನ ಸರದಿ ಬಂದದ್ದು 1995ರ ನವೆಂಬರ್ 16ರಂದು. ಅಲ್ಲಿ ಲೆಕ್ಕ ತಿರುಗಿತು. ಅನೇಕರು ಎಡವುವುದೂ ಇಲ್ಲಿಯೇ. 1997ರಲ್ಲಿ ದರವು ಬಹುಪಾಲು ಉದ್ಯಮಗಳಿಗೆ ನೂರಕ್ಕೆ 12 ಆಯಿತಷ್ಟೆ. ಕಾರ್ಮಿಕನ 12 ಪೂರ್ತಿ ಭವಿಷ್ಯನಿಧಿಗೇ ಹೋಗುತ್ತದೆ. ಪಿಂಚಣಿಗೆ ಹೋಗುವುದು ಮಾಲಿಕನ ಪಾಲಿನಿಂದ 8.33, ಸರಕಾರದಿಂದ 1.16. 'ನನ್ನ ದುಡ್ಡಿನ ಬಡ್ಡಿಯೇ ನನ್ನ ಪಿಂಚಣಿ' ಎಂಬ ಮಾತು ಆದ್ದರಿಂದ ಸರಿಯಲ್ಲ. ಗಂಟು ದುಡಿದವನ ಸ್ವಂತದ್ದು. ಪಿಂಚಣಿ ಎಲ್ಲರೂ ಸೇರಿ ಹಂಚಿಕೊಳ್ಳುವ ಕೊಪ್ಪರಿಗೆಯದು. ಒಂದೇ ತಿಂಗಳ ವಂತಿಗೆ ಸಂದಿದ್ದು ಸೇವೆಯಲ್ಲಿ ಮಡಿದವನ ಹೆಂಡತಿಮಕ್ಕಳಿಗೂ ಅದರಿಂದ ಉಣಲುಂಟು.

2014ರ ಸೆಪ್ಟೆಂಬರಿನಲ್ಲಿ ಸಂಬಳದ ಮಿತಿಯನ್ನು 15,000 ರೂಪಾಯಿಗೆ ಏರಿಸಿದರು. ಆ ಮಿತಿಯಂತೆ ಕಾರ್ಮಿಕನದು ತಿಂಗಳಿಗೆ 1,800. ಮಾಲಿಕನ 1,800ರಲ್ಲಿ 1,250 ಪಿಂಚಣಿಗೆ, 550 ನಿಧಿಗೆ. ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಪಿಂಚಣಿ ದೊರೆಯುತ್ತದೆ: 14 ವರ್ಷಕ್ಕೆ 3,000. ಆಗಲೇ ಕನಿಷ್ಠ ಪಿಂಚಣಿಯನ್ನು 1,000 ಎಂದು ಗೊತ್ತುಮಾಡಿದರು. ಇಂದಿನ ಬೆಲೆಗಳಲ್ಲಿ ಅದು ಅಕ್ಕಿಬೇಳೆಗೂ ಸಾಲದೆಂದು ಮುದುಕರು ಗೊಣಗಿದರೆ ತಪ್ಪೆನ್ನಲಾರೆ.

58ನೆಯ ವಯಸ್ಸಿಗೆ ಪಿಂಚಣಿ ಬೇಕಾದರೆ ಹತ್ತು ವರ್ಷದ ಸೇವೆ ಇರಲೇಬೇಕು. ಐದಾರು ವರ್ಷಕ್ಕೆ ಕೆಲಸ ಬಿಟ್ಟವರು ಪಿಂಚಣಿಯ ಪಾಲನ್ನೂ ಬಿಡಿಸಿಕೊಂಡು ಮದುವೆಗೋ ಮನೆಗೋ ಹಾಕುತ್ತಾರೆ. ಆ ವರ್ಷಗಳು ಅಲ್ಲಿಗೆ ಅಳಿಸಿಹೋಗುತ್ತವೆ. ಬದಲಾಗಿ ಯೋಜನಾ ಪ್ರಮಾಣಪತ್ರ ಕೇಳಿ ಪಡೆದರೆ, ಹಟ್ಟಿಯ ಆರು ವರ್ಷಗಳು ಮುಂದೆ ಬೇರೆ ಕಾರ್ಖಾನೆಯ ನಾಲ್ಕು ವರ್ಷಗಳೊಡನೆ ಕೂಡಿ ಹತ್ತಾಗುತ್ತವೆ.