ಹೂದೋಟಕ್ಕೆ ಗ್ಲಾಡಿಯೋಲಸ್: ಬಣ್ಣ ನೋಡಿ ತಳಿ ಆರಿಸಿ

ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಕಡೆಯ ಮನೆಯಂಗಳಗಳಲ್ಲಿ ಚಳಿಗಾಲದಲ್ಲಿ ಗ್ಲಾಡಿಯೋಲಸ್ ಚೆನ್ನಾಗಿ ಬೆಳೆಯಬಲ್ಲದು. ಗೆಡ್ಡೆ ನೋಡಿ ಹೂವಿನ ಬಣ್ಣವನ್ನು ಖಚಿತವಾಗಿ ಹೇಳಲಾಗದು. ಆದುದರಿಂದ ತಳಿಯ ಹೆಸರು ಕೇಳಿಯೇ ಕೊಳ್ಳಿರಿ.

ಬಿಳಿ ಬೇಕಾದವರು 'ವೈಟ್ ಪ್ರಾಸ್ಪೆರಿಟಿ', ಗಾಢ ಗುಲಾಬಿಗೆ 'ಅಮೆರಿಕನ್ ಬ್ಯೂಟಿ' ಆರಿಸಬಹುದು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ 'ಪೂನಂ' ಹಳದಿ, 'ಶೋಭಾ' ತಿಳಿಗುಲಾಬಿ, 'ಆರತಿ' ಕೆಂಪು. ಸಂಜೆ ಹೊತ್ತು ಅಂಗಳದಲ್ಲಿ ಕುಳಿತುಕೊಳ್ಳುವವರಿಗೆ ಬಿಳಿ, ಹಳದಿ ಒಳ್ಳೆಯದು. ಮಬ್ಬಿನಲ್ಲೂ ಎದ್ದು ಕಾಣುತ್ತವೆ. ಕೆಂಪು ಹೂವಿಗೆ ಹಸಿರು ಗಿಡಗಳ ಹಿನ್ನೆಲೆ ಇರಲಿ. ಒಂದೊಂದು ಬಣ್ಣವನ್ನು ಐದಾರು ಗೆಡ್ಡೆಗಳ ಗುಂಪಾಗಿ ನೆಟ್ಟರೆ ಅಂದ ಹೆಚ್ಚು.

ಆದರೆ ಬಣ್ಣಕ್ಕಿಂತ ಮುಖ್ಯವಾದುದು ನೆಲ ಮತ್ತು ಕಾಲ. ಸಿರುಗುಪ್ಪದ ಎರೆಮಣ್ಣಿನಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ; ಏರುಮಡಿ ಮಾಡಿ, ಮರಳು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿರಿ. ಬಿಸಿಲು ಬೀಳುವ ಜಾಗದಲ್ಲಿ, ಸುಮಾರು 5 ಸೆಂ.ಮೀ. ಆಳಕ್ಕೆ, 20 ಸೆಂ.ಮೀ. ಅಂತರದಲ್ಲಿ ನೆಡಿರಿ. ಆಗತಾನೇ ಕಿತ್ತ ಗೆಡ್ಡೆ ಎರಡು ಮೂರು ತಿಂಗಳು ಮೊಳೆಯದೆ ಇರುತ್ತದೆ. ವಿಶ್ರಾಂತಿ ಮುಗಿದದ್ದನ್ನೇ ಕೇಳಿರಿ. ತಳಿಗೆ ತಕ್ಕಂತೆ 60ರಿಂದ 100 ದಿನಗಳಲ್ಲಿ ಹೂ ಬರುವುದರಿಂದ, ಅಕ್ಟೋಬರ್ ಮೊದಲ ವಾರಗಳಲ್ಲಿ ನೆಟ್ಟರೆ ಕ್ರಿಸ್ಮಸ್ ಆಸುಪಾಸಿಗೆ ಹೂ ನಿರೀಕ್ಷಿಸಬಹುದು. ಬೇಸಿಗೆಯ ಹೊಸ್ತಿಲಲ್ಲಿ ನೆಟ್ಟರೆ ಬಳ್ಳಾರಿಯ ಬಿಸಿಲಿಗೆ ಯಾವ ಬಣ್ಣವೂ ನಿಲ್ಲದು.