ಬ್ಯಾರನ್ನಿನ ಹೊಗೆಗೆ ಬೆಲೆ ಎಷ್ಟು?

ಮಳೆಗಾಲದಲ್ಲಿ ಹುಣಸೂರಿನಿಂದ ಪಿರಿಯಾಪಟ್ಟಣದತ್ತ ಹೊರಟವರಿಗೆ ಹೊಲಗಳ ನಡುವೆ ಬ್ಯಾರನ್‌ಗಳು ಕಾಣುತ್ತವೆ. ಒಳಗೆ ವರ್ಜೀನಿಯಾ ಹೊಗೆಸೊಪ್ಪು ಹದವಾಗುತ್ತಿರುತ್ತದೆ. ಹಸಿರೆಲೆ ಹಳದಿಗೆ ತಿರುಗಿ ಒಣಗಲು ಐದಾರು ದಿನ ಹಗಲಿರುಳೂ ಸೌದೆ ಉರಿಯಬೇಕು. ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲೂ ಇದೇ ಬೆಳೆ. 1976ರಲ್ಲಿ ತಂಬಾಕು ಮಂಡಳಿ ಆರಂಭವಾಯಿತು. 1984ರಲ್ಲಿ ಕರ್ನಾಟಕಕ್ಕೆ ಹರಾಜು ಪದ್ಧತಿ ಬಂತು. ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದದ ಹರಾಜು ಮಾರುಕಟ್ಟೆಗಳಲ್ಲಿ ಸೊಪ್ಪಿಗೆ ಬೆಲೆ ಸಿಗುತ್ತದೆ. ಸೌದೆಗೂ ಬೆಲೆಯಿದೆ. ಹೊಗೆಗೆ?

ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಪೀಗೂ 1920ರಲ್ಲೇ ಇದನ್ನು ಚರ್ಚಿಸಿದ್ದರು. ಚಿಮಣಿ ಹೊಗೆಯಿಂದ ಊರಿನವರ ಬಟ್ಟೆ, ಗೋಡೆ ಕೊಳೆಯಾದರೂ ಆ ನಷ್ಟ ಕಾರ್ಖಾನೆಯ ಲೆಕ್ಕಕ್ಕೆ ಸೇರುವುದಿಲ್ಲ. ಬ್ಯಾರನ್ನಿನದು ಇನ್ನೂ ತೊಡಕಿನ ಲೆಕ್ಕ. ಕಡಿದ ಕಡೆ ಮತ್ತೆ ಮರ ಬೆಳೆದರೆ ಇಂಗಾಲ ಮರಳಿ ಮರ ಸೇರುತ್ತದೆ. ಬೆಳೆಯದಿದ್ದರೆ ಅದರ ಒಂದು ಪಾಲು ಶತಮಾನಗಳ ಕಾಲ ಗಾಳಿಯಲ್ಲೇ ಉಳಿಯುತ್ತದೆ. ನಷ್ಟ ಅನುಭವಿಸುವವರು ಇನ್ನೂ ಹುಟ್ಟಿಲ್ಲ.

ನೂರು ವರ್ಷದ ನಂತರದ 100 ರೂಪಾಯಿ ನಷ್ಟವನ್ನು ಇಂದು ಎಷ್ಟೆಂದು ಎಣಿಸಬೇಕು? ಬ್ರಿಟಿಷ್ ಸರ್ಕಾರಕ್ಕಾಗಿ 2006ರಲ್ಲಿ ವರದಿ ಬರೆದ ನಿಕೊಲಾಸ್ ಸ್ಟರ್ನ್ ಹಿಡಿದ ದರ ವರ್ಷಕ್ಕೆ ಸುಮಾರು ಶೇ 1.4. ಆ ಪ್ರಕಾರ ಇಂದಿನ ಬೆಲೆ 25 ರೂಪಾಯಿ. ಶೇ 5ರ ದರ ಹಿಡಿದರೆ ಬರೀ 76 ಪೈಸೆ! 2018ರಲ್ಲಿ ನೊಬೆಲ್ ಪಡೆದ ಅಮೆರಿಕದ ನಾರ್ಡ್‌ಹೌಸ್, ದರವನ್ನು ಮಾರುಕಟ್ಟೆಯೇ ತೋರಿಸಲಿ ಎಂದರು. ಮುಂದಿನವರು ನಮಗಿಂತ ಸಿರಿವಂತರಾಗಿರುತ್ತಾರಲ್ಲ ಎಂಬುದು ಈ ವಾದದ ಬಲ. ತೆಗೆದುಹಾಕುವಂಥ ಮಾತೇನಲ್ಲ. ಆದರೆ ಮಳೆ ನಂಬಿದ ಕೋಟೆ ಸೀಮೆಯ ರೈತನ ಮೊಮ್ಮಗನ ವಿಷಯದಲ್ಲಿ ಅಷ್ಟು ಭರವಸೆ ಯಾರಿಗಿದೆ? ತಡವಾಗಿ ಹುಟ್ಟಿದರೆಂಬ ಒಂದೇ ಕಾರಣಕ್ಕೆ ಅವರ ಸುಖವನ್ನು ಕಡಿಮೆ ಎಣಿಸುವುದು ನೀತಿಯಲ್ಲ ಎಂದು ಫ್ರಾಂಕ್ ರಾಮ್ಸೆ 1928ರಲ್ಲೇ ಬರೆದಿದ್ದರು. ಆಗ ಅವರಿಗೆ ಇಪ್ಪತ್ತೈದು.

ಎಲ್ಲಿ ಹುಟ್ಟಿದರೆಂಬುದೂ ಲೆಕ್ಕಕ್ಕೆ ಬಂತು. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ವರದಿಗಾಗಿ 1995ರಲ್ಲಿ ನಡೆದ ಲೆಕ್ಕಾಚಾರದಲ್ಲಿ ಬಡದೇಶದವರ ಜೀವಕ್ಕೆ ಸಿರಿವಂತ ದೇಶದವರ ಜೀವಕ್ಕಿಂತ ಬಹಳ ಕಡಿಮೆ ಬೆಲೆ ಕಟ್ಟಲಾಗಿತ್ತು. ಭಾರತದ ಪರಿಸರ ಸಚಿವರಾಗಿದ್ದ ಕಮಲನಾಥ್ ಇದನ್ನು ಬಲವಾಗಿ ಪ್ರತಿಭಟಿಸಿದರು.

ಹಾಗಾದರೆ ಸೌದೆಯ ಮೇಲೆ ತೆರಿಗೆ ಹಾಕೋಣವೇ? ಪೀಗೂ ಹೇಳಿದ ಮದ್ದು ಅದೇ. ಆದರೆ ಹರಾಜಿನಲ್ಲಿ ಬೆಲೆ ಕಟ್ಟುವವನು ಕೊಳ್ಳುವವನು. ಹೆಚ್ಚಿದ ಖರ್ಚನ್ನು ಬೆಳೆಗಾರ ಅವನ ಮೇಲೆ ಹಾಕಲಾರ. ಈ ಸೀಮೆಯ ಸೊಪ್ಪು ಹಡಗು ಹತ್ತಿ ಹೊರದೇಶಕ್ಕೂ ಹೋಗುತ್ತದೆ. ತೆರಿಗೆಯ ಚೀಟಿ ಮಾತ್ರ ಬ್ಯಾರನ್ನಿನ ಬಾಗಿಲಲ್ಲೇ ಉಳಿಯುತ್ತದೆ.